ಹಾರೆ ಇಳಿಯದ ಹಿತ್ತಿಲು

ಮನೆ ಕಟ್ಟುವವರು ಹಿತ್ತಿಲಲ್ಲಿ ಏನೇನು ಹೂತು ಹೋಗಿರುತ್ತಾರೆ ಅನ್ನುವುದು ಹಾರೆ ಹಿಡಿದಾಗಲೇ ಗೊತ್ತಾಗುವುದು. ನನ್ನ ಮೊದಲ ಏಟಿಗೆ ಠಣ್ಣೆಂದಿದ್ದು ಇಟ್ಟಿಗೆ ಚೂರು. ಎರಡನೆಯದಕ್ಕೆ ಗಟ್ಟಿಕಟ್ಟಿದ ಸಿಮೆಂಟಿನ ಉಂಡೆ. ಅದರ ಕೆಳಗೆ ಹಳದಿ ಜೇಡಿ. ಒಣಗಿದರೆ ಕಲ್ಲು, ನೆನೆದರೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಅರ್ಧ ಗಂಟೆ ಕುಟ್ಟಿದರೂ ಹಾರೆ ಒಂದು ಗೇಣು ಇಳಿಯಲಿಲ್ಲ.

ಆದರೂ 30 ಅಡಿ ಉದ್ದ, 20 ಅಡಿ ಅಗಲದ ಆ ಜಾಗವನ್ನೆಲ್ಲ ತೋಟ ಮಾಡಲೇಬೇಕು ಅನ್ನುವ ಆಸೆ. ಮೇಲಿನ ನಾಲ್ಕು ಬೆರಳು ಮಣ್ಣನ್ನು ಹೇಗೋ ಸಡಿಲಿಸಿ, ಸಿಕ್ಕಷ್ಟು ಗೊಬ್ಬರ ಉದುರಿಸಿ, ಗಿಡಕ್ಕೆ ಒಳ್ಳೆಯದು ಎಂದು ಕೇಳಿದ್ದರಿಂದ ಕಟ್ಟಿಗೆ ಬೂದಿಯನ್ನೂ ಚೆಲ್ಲಿ, ಬೆಂಡೆ, ಬದನೆ, ಟೊಮೆಟೊ, ಹುರುಳಿಕಾಯಿ, ಹೀರೆ ಎಲ್ಲವನ್ನೂ ಒಂದೇ ವಾರದಲ್ಲಿ ಹಾಕಿದೆ. ಬೀಜವೇನೋ ಹುಟ್ಟಿತು. ಎರಡೆಲೆ ನಾಲ್ಕೆಲೆಯಾಗಿ ಅಲ್ಲಿಗೇ ನಿಂತವು. ಹೊಸದಾಗಿ ಬಂದ ಚಿಗುರೆಲ್ಲ ಹಳದಿ, ನರಗಳು ಮಾತ್ರ ಹಸಿರು. ನೀರು ಸಾಲದೇನೋ ಎಂದು ಬೆಳಗ್ಗೆ ಸಂಜೆ ಎರಡು ಹೊತ್ತೂ ಸುರಿದೆ. ಜೇಡಿ ಆ ನೀರನ್ನು ಬಿಟ್ಟುಕೊಡಲಿಲ್ಲ, ಎಷ್ಟೋ ಸಸಿಗಳ ಬೇರು ಕೊಳೆಯಿತು.

ಹೇಗೋ ಉಳಿದ ಆರು ಟೊಮೆಟೊ ಗಿಡಗಳು ಕಾಯಿ ಬಿಟ್ಟವು. ಮೊದಲ ಕಾಯಿ ಬಣ್ಣಕ್ಕೆ ತಿರುಗಿದ ದಿನ ನಾಳೆ ಕೀಳೋಣ ಎಂದುಕೊಂಡೆ. ಮಾರನೆಯ ಬೆಳಗ್ಗೆ ಕೋತಿಗಳ ಹಿಂಡು ಬಂತು. ಒಂದು ಕೋತಿ ಕಾಯಿ ಕಿತ್ತು, ಒಂದು ಕಚ್ಚು ಕಚ್ಚಿ, ಮೂಸಿ, ಎಸೆದು, ಇನ್ನೊಂದಕ್ಕೆ ಕೈ ಹಾಕುವುದನ್ನು ಕಿಟಕಿಯಿಂದ ನೋಡುತ್ತ ನಿಂತೆ. ಹತ್ತು ನಿಮಿಷದಲ್ಲಿ ಗಿಡಗಳೂ ಉಳಿಯಲಿಲ್ಲ. ಆ ದಿನ ನಾನು ಅತ್ತಿದ್ದೇನೆ. ನಾಲ್ಕು ತಿಂಗಳ ಕೆಲಸ ಅದು.

ಅತ್ತೆ ಅವತ್ತು ಸಂಜೆ ಹಿತ್ತಿಲಲ್ಲಿ ಒಂದು ಸುತ್ತು ಬಂದು, ಬಿದ್ದಿದ್ದ ಒಂದು ಗಿಡವನ್ನು ಬೇರುಸಮೇತ ಎತ್ತಿ ನನ್ನ ಮುಂದೆ ಹಿಡಿದರು. ಬೇರು ನನ್ನ ಅಂಗೈಗಿಂತ ಚಿಕ್ಕದಾಗಿತ್ತು. ಕೆಳಗೆ ಹೋಗಲಾರದೆ ಅಡ್ಡಕ್ಕೆ ತಿರುಗಿ ಚಾಪೆಯಂತೆ ಹೆಣೆದುಕೊಂಡಿತ್ತು. “ಕೋತಿ ಬರದೇ ಇದ್ದಿದ್ರೂ ಇದು ಬದುಕ್ತಿರ್ಲಿಲ್ಲ ಕಣೇ. ಮೇಲೆ ನೋಡಿದ್ದು ಸಾಕು, ಕೆಳಗೆ ನೋಡು” ಎಂದರು.

ನೋಡುವುದಕ್ಕೆ ಮೊದಲು ಬೇಕಾಗಿದ್ದು ಒಂದು ಗಾಜಿನ ಬಾಟಲಿ. ಮೂರನೇ ಒಂದು ಭಾಗ ಮಣ್ಣು, ಉಳಿದಿದ್ದು ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಚೆನ್ನಾಗಿ ಕುಲುಕಿ ಅಲ್ಲಾಡದ ಕಡೆ ಇಟ್ಟೆ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಅದರ ಮೇಲೆ ಕೆಲವು ಗಂಟೆಗಳಲ್ಲಿ ಗೋಡು, ಅಂದರೆ ಮರಳಿಗಿಂತ ನುಣುಪಾದ ಮಣ್ಣು, ಕೂರುತ್ತದೆ, ಜೇಡಿ ಕೊನೆಗೆ. ನಮ್ಮ ಬಾಟಲಿಯ ನೀರು ಎರಡು ದಿನವಾದರೂ ತಿಳಿಯಾಗಲಿಲ್ಲ. ಕೂತ ಮೇಲೆ ಅಳೆದರೆ ಅರ್ಧಕ್ಕಿಂತ ಹೆಚ್ಚು ಜೇಡಿಯೇ. ಆಮೇಲೆ ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ, ಸ್ಕೇಲ್ ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ನೋಡಿದೆ. ತರಕಾರಿಗೆ ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ನಮ್ಮದು ಕಾಲು ಇಂಚೂ ಇಳಿದಿರಲಿಲ್ಲ. ಜೇಡಿಗೆ ಮರಳು ಬೆರೆಸಿ ಎಂದು ಸಲಹೆ ಕೊಟ್ಟವರಿದ್ದರು. ಅದನ್ನು ಮಾಡದೇ ಇದ್ದಿದ್ದಕ್ಕೆ ಈಗ ಸಮಾಧಾನವಿದೆ. ಸ್ವಲ್ಪ ಮರಳು ಬೆರೆಸಿದರೆ ಜೇಡಿಯ ಕಣ ಮರಳಿನ ಸಂದುಗಳಲ್ಲಿ ಕೂತು ಇನ್ನೂ ಬಿಗಿಯಾಗುತ್ತದೆ. ನಿಜಕ್ಕೂ ಬದಲಾಗಬೇಕಾದರೆ ಮಣ್ಣಿನಷ್ಟೇ ಮರಳು ಬೇಕು.

ಮಣ್ಣು ಪರೀಕ್ಷೆಗೂ ಕೊಟ್ಟೆವು. ಹತ್ತು ಕಡೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರಕ್ಕೆ ಅರ್ಧ ಅಡಿ ಅಗೆದು, ಗುಂಡಿಯ ಪಕ್ಕದಿಂದ ಮೇಲಿಂದ ಕೆಳಕ್ಕೆ ಒಂದು ಪದರ ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕಳಿಸಿದೆವು. ವರದಿಯಲ್ಲಿ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8.3. ಅದು 7ಕ್ಕಿಂತ ಮೇಲಿದ್ದರೆ ಕ್ಷಾರ, ಕೆಳಗಿದ್ದರೆ ಹುಳಿ. ಸಾವಯವ ಇಂಗಾಲ ಶೇ. 0.28. ಅದರ ಪಕ್ಕದಲ್ಲೇ “ಕಡಿಮೆ” ಎಂದು ಬರೆದಿತ್ತು. ಹೆಚ್ಚಿನ ತರಕಾರಿಗಳಿಗೆ ಪಿಎಚ್ 6ರಿಂದ 7ರ ಆಸುಪಾಸಿನಲ್ಲಿರಬೇಕು. ಚಿಗುರು ಯಾಕೆ ಹಳದಿಯಾಯಿತು ಅನ್ನುವುದು ಅಲ್ಲಿಗೆ ತಿಳಿಯಿತು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರ ಹೆಚ್ಚಾದಾಗ ಅದು ಬೇರಿಗೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ಹಳೆ ಎಲೆಯಲ್ಲಿರುವ ಕಬ್ಬಿಣ ಚಿಗುರಿಗೆ ಸಾಗಿಬರುವುದೂ ಇಲ್ಲ, ಅದಕ್ಕೇ ಮೊದಲ ಪೆಟ್ಟು ಚಿಗುರಿಗೆ. ಸಾರಜನಕದ ಕೊರತೆಯಾದರೆ ಹಳದಿಯಾಗುವುದು ತಳದ ಹಳೆ ಎಲೆ. ಇದೊಂದು ವ್ಯತ್ಯಾಸ ಗೊತ್ತಿದ್ದರೆ ಎಷ್ಟೋ ಗಿಡ ಉಳಿಯುತ್ತವೆ. ಸಿಮೆಂಟಿನ ಸುಣ್ಣದಿಂದ ಮೊದಲೇ ಕ್ಷಾರವಾಗಿದ್ದ ನೆಲ ನಮ್ಮದು. ಬೂದಿಯೂ ಕ್ಷಾರವೇ. ಹುಳಿ ಮಣ್ಣಿಗೆ ಮದ್ದಾಗುವುದನ್ನು ನಾನು ಸುಣ್ಣದ ಮಣ್ಣಿಗೆ ಸುರಿದಿದ್ದೆ.

ವರದಿ ಕೈಯಲ್ಲಿ ಹಿಡಿದು ಹಿತ್ತಿಲಲ್ಲಿ ಕೂತಾಗ ಒಂದು ನಿರ್ಧಾರಕ್ಕೆ ಬಂದೆ. 600 ಚದರ ಅಡಿಯನ್ನು ಸರಿಮಾಡುವುದು ನನ್ನೊಬ್ಬಳ ಕೈಯಲ್ಲಿ ಆಗದು. ಅಷ್ಟು ಜಾಗ ಕಾಯುವುದೂ ಆಗದು. 40 ಚದರ ಅಡಿ ಆಗುತ್ತದೆ. 10 ಅಡಿ ಉದ್ದ, 4 ಅಡಿ ಅಗಲ. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿಗೆ ಎಟುಕಬೇಕು, ಮಣ್ಣಿನ ಮೇಲೆ ಯಾವತ್ತೂ ಕಾಲಿಡಬಾರದು. ಆ ಒಂದು ಪಾತಿಯ ಮಣ್ಣನ್ನು ಪೂರ್ತಿ ಮಾಡಬೇಕು, ಅದರ ಕಾವಲನ್ನೂ ಪೂರ್ತಿ ಮಾಡಬೇಕು. ಇಡೀ ಹಿತ್ತಿಲನ್ನು ಅರೆಬರೆ ಕಾಯುವುದಕ್ಕಿಂತ ಇದೇ ಸರಿ ಎಂದು ಆಗ ಅನ್ನಿಸಿದ್ದು, ಇವತ್ತಿಗೂ ನನ್ನ ಮಾತು ಅದೇ.

ಒಡೆಯಲಾಗದ ನೆಲದ ಮೇಲೆ ಹೊಸ ಮಣ್ಣು ಕಟ್ಟುವುದೇ ದಾರಿಯಾಗಿತ್ತು. ಹಾರೆಯಿಂದ ಅಲ್ಲಲ್ಲಿ ತೂತು ಮಾಡಿ, ಟೇಪು ಕಿತ್ತ ರಟ್ಟಿನ ಪೆಟ್ಟಿಗೆಗಳನ್ನು ಹಾಸಿ ನೆನೆಸಿ, ಅದರ ಮೇಲೆ ತರಗೆಲೆ, ಹಸಿ ಸೊಪ್ಪು, ಮತ್ತೆ ತರಗೆಲೆ, ಕೊನೆಗೆ ಕಾಂಪೋಸ್ಟು. ಒಂದು ಅಡಿ ಎತ್ತರ ತುಂಬಿದ್ದು ಮೂರೇ ತಿಂಗಳಲ್ಲಿ ಎಂಟು ಇಂಚಿಗೆ ಕುಸಿಯಿತು. ಎಲೆ ಕೊಳೆತು ಇಳಿಯುವುದು ಸಹಜ, ಮತ್ತೆ ಮತ್ತೆ ಹಾಕುತ್ತಿರಬೇಕು. ಅದಕ್ಕೆ ನಿಲ್ಲದ ಕಾಂಪೋಸ್ಟು ಬೇಕು. ನಾನು ದೊಡ್ಡ ತಪ್ಪು ಮಾಡಿದ್ದು ಇಲ್ಲೇ.

ಹಿತ್ತಿಲ ಮೂಲೆಯಲ್ಲಿ ತೆರೆದ ರಾಶಿ ಮಾಡಿದೆ. ಅಡುಗೆಮನೆಯಲ್ಲಿ ಉಳಿದಿದ್ದು, ಬೆಂದಿದ್ದು ಬೇಯದ್ದು, ಎಲ್ಲ ಅಲ್ಲಿಗೇ. ಒಣ ಎಲೆ ಹಾಕುವಷ್ಟು ತಾಳ್ಮೆ ಇರಲಿಲ್ಲ. ವಾರದಲ್ಲಿ ನಾತ. ಎರಡು ವಾರಕ್ಕೆ ರಾಶಿಯ ಬುಡದಲ್ಲಿ ಮುಷ್ಟಿ ಹೋಗುವಷ್ಟು ಬಿಲ. ಹೆಗ್ಗಣ. ಮಣ್ಣಿಗೆ ಎಂದು ಇಟ್ಟ ಊಟ ಅವಕ್ಕಾಗಿತ್ತು. ರಾಶಿಯಲ್ಲಿ ತಿಂದು ಮುಗಿದ ಮೇಲೆ ಪಾತಿಯ ಕೆಳಗೂ ಬಿಲ ತೋಡಿದವು. ಮೂಲಂಗಿ, ಗೆಣಸು ಒಳಗಿಂದಲೇ ಮಾಯವಾದವು. ಮೇಲೆ ಸೊಪ್ಪು ನಿಂತಿರುತ್ತಿತ್ತು, ಹಿಡಿದು ಎತ್ತಿದರೆ ಕೆಳಗೆ ಏನೂ ಇಲ್ಲ.

ಅದೇ ಹೊತ್ತಿಗೆ ಕೋತಿ, ಅಳಿಲುಗಳಿಗೆಂದು ಹುರುಳಿಕಾಯಿ ಚಪ್ಪರದ ಮೇಲೆ ನೈಲಾನ್ ಬಲೆ ಹೊದಿಸಿದ್ದೆ. ತೆಳು ದಾರ, ಎರಡು ಇಂಚಿನ ಕಣ್ಣು, ಅಂಚು ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಒಂದು ಬೆಳಗ್ಗೆ ಆ ಅಂಚಿನಲ್ಲಿ ಕೇರೆಹಾವು ಸಿಕ್ಕಿಬಿದ್ದಿತ್ತು. ನನ್ನ ಎತ್ತರಕ್ಕಿಂತ ಉದ್ದವಿತ್ತು. ಬಂದಿದ್ದು ಹೆಗ್ಗಣಕ್ಕೆ. ಹಾವಿನ ಹುರುಪೆಗಳು ಹಿಂದಕ್ಕೆ ವಾಲಿರುತ್ತವೆ, ಮುಂದೆ ನುಗ್ಗಿದ್ದು ಹಿಂದೆ ಸರಿಯಲಾರದು. ಎಳೆದಷ್ಟೂ ದಾರ ಹುರುಪೆಗಳ ನಡುವೆ ಇಳಿದು ಮೈ ಎರಡು ಕಡೆ ಕಡಗ ಹಾಕಿದಂತೆ ಬಿಗಿದಿತ್ತು. ಅದಕ್ಕೆ ಬುಸುಗುಡುವ ಶಕ್ತಿಯೂ ಉಳಿದಿರಲಿಲ್ಲ.

ಹಾವು ಹಿಡಿಯುವ ಹುಡುಗನನ್ನು ಕರೆಸಿದೆವು. ಅವನು ಬಂದವನೇ ತಲೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಉಗುರು ಕತ್ತರಿಸುವ ಚಿಕ್ಕ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸುತ್ತ ಹೋದ. ಕತ್ತರಿಯ ತುದಿಗೂ ಹಾವಿನ ಚರ್ಮಕ್ಕೂ ಕೂದಲೆಳೆಯಷ್ಟು ಜಾಗ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಎಳೆ ಬಿಟ್ಟುಕೊಂಡಾಗ ಹಾವು ಒಂದು ಕ್ಷಣ ಹಾಗೇ ಬಿದ್ದಿತ್ತು. ಆಮೇಲೆ ಮೈ ತುಂಬ ಉಸಿರು ಎಳೆದುಕೊಂಡಿತು, ಪಕ್ಕೆ ಉಬ್ಬಿದ್ದು ನನಗೆ ಕಾಣಿಸಿತು. ಬೇಲಿಯ ಕಡೆ ನಿಧಾನಕ್ಕೆ ಹರಿದುಹೋಯಿತು.

“ಅಕ್ಕಾ, ಈ ಬಲೆ ಯಾಕೆ ಹಾಕಿದ್ರಿ?”

“ಕೋತಿಗೆ. ಅಳಿಲಿಗೆ.”

“ಕೋತಿ ಇದನ್ನ ಒಂದೇ ಕೈಲಿ ಹರಿಯುತ್ತೆ. ಸಿಕ್ಕಿಬೀಳೋದು ಇಂಥವು, ಹಕ್ಕಿಗಳು. ಮೆತ್ತನೆ ಬಲೆ ಹಾಕೋದಾದ್ರೆ ಅದ್ರಲ್ಲಿ ನಿಮ್ಮ ಕಿರುಬೆರಳು ತೂರಬಾರದು. ಇಲ್ಲಾಂದ್ರೆ ಗಟ್ಟಿ ತಂತಿ ಜಾಲರಿ ಹಾಕಿ.”

ಅವತ್ತೇ ಬಲೆ ಸುತ್ತಿ ತೆಗೆದೆ. ಎಸೆದರೆ ಕಸದಲ್ಲೂ ಯಾವುದೋ ಪ್ರಾಣಿಯ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಅದನ್ನು ಕತ್ತರಿಸಿ ಚೂರು ಮಾಡಿದೆ. ಕತ್ತರಿಸುತ್ತಾ ಕೂತಾಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಕಾಂಪೋಸ್ಟು ಸರಿಯಾಗಿ ಮಾಡದ್ದಕ್ಕೆ ಹೆಗ್ಗಣ ಬಂತು, ಹೆಗ್ಗಣ ಬಂದಿದ್ದಕ್ಕೆ ಹಾವು ಬಂತು, ನನ್ನ ಪರವಾಗಿ ಕೆಲಸ ಮಾಡಲು ಬಂದ ಹಾವೇ ನನ್ನ ಬಲೆಗೆ ಬಿತ್ತು. ಮಣ್ಣಿನ ಕೆಲಸ, ಪ್ರಾಣಿಗಳ ಕಾಟ ಎಂದು ನಾನು ಎರಡು ಪಟ್ಟಿ ಮಾಡಿಕೊಂಡಿದ್ದೆ. ಹಿತ್ತಿಲಲ್ಲಿ ಇದ್ದಿದ್ದು ಒಂದೇ.

ಮೊದಲು ಕಾಂಪೋಸ್ಟು ತಿದ್ದಿದೆ. ಬೆಂದಿದ್ದು ಯಾವುದೂ ಬೇಡ, ಹಸಿ ಸಿಪ್ಪೆ ಮತ್ತು ಸೊಪ್ಪು ಮಾತ್ರ. ತಳಕ್ಕೂ ಸುತ್ತಲಿಗೂ ತಂತಿ ಜಾಲರಿ, ಮೇಲೆ ಮುಚ್ಚಳ. ರಾಶಿಯೊಳಗಿನ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಬುಟ್ಟಿ ಹಸಿಗೆ ಎರಡು ಮೂರು ಬುಟ್ಟಿ ಒಣ ಎಲೆ. ರಾಶಿ ಮೂರು ಅಡಿ ಉದ್ದ, ಅಗಲ, ಎತ್ತರವಿದ್ದರೆ ಒಳಗೆ ಬಿಸಿ ನಿಲ್ಲುತ್ತದೆ. ಐದನೆಯ ದಿನ ಕೈ ಇಟ್ಟೆ, ಇಟ್ಟ ಹಾಗೇ ತೆಗೆಯಬೇಕಾಯಿತು. ಉದ್ದ ಕಡ್ಡಿಯ ಥರ್ಮಾಮೀಟರ್ 61 ಡಿಗ್ರಿ ಸೆಲ್ಸಿಯಸ್ ತೋರಿಸಿತು. 55 ಡಿಗ್ರಿ ಮೇಲೆ ಕೆಲವು ದಿನ ನಿಂತರೆ ಹೆಚ್ಚಿನ ಕಳೆಬೀಜ ಸಾಯುತ್ತವೆ. ನಾತ ಇಲ್ಲ. ಬಗ್ಗಿದರೆ ಮಳೆ ಬಿದ್ದ ಕಾಡಿನ ವಾಸನೆ. ಮರದ ಹೊಟ್ಟನ್ನು ಮಾತ್ರ ಹಸಿಯಾಗಿ ಪಾತಿಯ ಮಣ್ಣಿಗೆ ಬೆರೆಸಬೇಡಿ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೂ ಎಳೆದುಕೊಳ್ಳುತ್ತವೆ. ಮೇಲೆ ಹೊದಿಕೆಯಾಗಿ ಹಾಕಿದರೆ ಅಷ್ಟು ತೊಂದರೆಯಿಲ್ಲ.

ಆಮೇಲೆ ಪಂಜರ. ಗಟ್ಟಿ ಚೌಕಟ್ಟು, ಆರು ಅಡಿ ಎತ್ತರ, ಒಳಗೆ ನಿಂತು ಕೆಲಸ ಮಾಡುವಷ್ಟು. ಅರ್ಧ ಇಂಚಿನ ಕಣ್ಣಿನ, ಸತುವಿನ ಲೇಪವಿರುವ ಬೆಸುಗೆ ಜಾಲರಿ. ಮೇಲೂ ಅದೇ, ಯಾಕೆಂದರೆ ಕೋತಿಗೆ ಗೋಡೆ ಲೆಕ್ಕವಲ್ಲ. ಬುಡದಲ್ಲಿ ಒಂದು ಅಡಿ ನೆಲದೊಳಗೆ ಇಳಿಸಿ, ಅಲ್ಲಿಂದ ಇನ್ನೊಂದು ಅಡಿ ಹೊರಕ್ಕೆ ಮಡಿಸಿ ಮುಚ್ಚಿದೆವು. ತೋಡುವ ಪ್ರಾಣಿ ಬೇಲಿಯ ಬುಡಕ್ಕೆ ಬಂದೇ ತೋಡುತ್ತದೆ. ಅಲ್ಲಿ ಕಾಲಿಗೆ ತಂತಿ ಸಿಕ್ಕಿದರೆ ಹಿಂದೆ ಸರಿದು ದೂರದಿಂದ ಸುರಂಗ ಹೊಡೆಯುವುದು ಕಡಿಮೆ. ಬಾಗಿಲಿಗೆ ತಿರುಗಿಸಿ ಎತ್ತಬೇಕಾದ ಚಿಲಕ. ಬರಿ ಕೊಂಡಿಯನ್ನು ಕೋತಿ ಎರಡನೆಯ ದಿನವೇ ತೆಗೆದಿತ್ತು. ಸುಂಡಿಲಿಗೆ ಕಾಲು ಇಂಚಿನ ಕಿಂಡಿ ಸಾಕು, ಹಾಗಾಗಿ ಅದು ಈಗಲೂ ಬರುತ್ತದೆ. ಅದರ ಹೊಟ್ಟೆಗೆ ಹೋಗುವುದು ಒಂದೆರಡು ಕಾಯಿ, ಇರಲಿ.

ಪಂಜರದ ಹೊರಗಿನ ಜಾಗಕ್ಕೆ ಪ್ರಾಣಿಗಳು ಒಲ್ಲದ್ದನ್ನು ಹುಡುಕಿದೆ. ಅರಿಶಿನ, ಶುಂಠಿ, ಕೆಸು, ಮೆಣಸಿನಗಿಡ. ಹಸಿ ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಬಾಯಿ ತುರಿಸುತ್ತದೆ. ನಮ್ಮ ಕಡೆ ಬರುವ ಕೋತಿಗಳು ಒಮ್ಮೆ ದಂಟು ಕಚ್ಚಿ ಬಿಟ್ಟವು, ಮತ್ತೆ ಮುಟ್ಟಿಲ್ಲ. ಮೆಣಸಿನಕಾಯಿಯ ಖಾರ ಅಳಿಲಿಗೂ ಕೋತಿಗೂ ನಮ್ಮ ಹಾಗೇ ಉರಿಯುತ್ತದೆ. ಆದರೆ ಹಣ್ಣಾದ ಮೆಣಸಿನಕಾಯಿಯನ್ನು ಪಿಕಳಾರ ಹಕ್ಕಿ ಒಂದಾದ ಮೇಲೆ ಒಂದು ನುಂಗುವುದನ್ನು ಕಂಡು ಬೆರಗಾದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಹಕ್ಕಿಗಳಿಗೆ ಉರಿಯುವುದೇ ಇಲ್ಲ. ಇಲಿಯಂಥ ಪ್ರಾಣಿ ಬೀಜ ಅಗಿದು ಪುಡಿ ಮಾಡುತ್ತದೆ, ಹಕ್ಕಿ ಇಡಿಯಾಗಿ ದೂರ ಒಯ್ದು ಹಾಕುತ್ತದೆ. ಗಿಡ ಯಾರಿಗೆ ಬಾಗಿಲು ತೆರೆಯಬೇಕೆಂದು ಆರಿಸಿಕೊಂಡಂತಿದೆ. ಬೇಲಿಯ ಬುಡದಲ್ಲಿ ನಾನು ನೆಡದ ನಾಲ್ಕು ಮೆಣಸಿನಗಿಡ ಈಗ ಕಾಯಿ ಬಿಟ್ಟಿವೆ.

ಪಂಜರದಲ್ಲಿ ಜಾಗ ಸಾಲದೆ ಹೊರಗಿಟ್ಟ ಟೊಮೆಟೊಗೆ ಒಂದು ಉಪಾಯ ಸಿಕ್ಕಿತು. ಹಣ್ಣಾಗುವವರೆಗೆ ಗಿಡದಲ್ಲಿ ಬಿಡಬೇಕಾಗಿಲ್ಲ. ಹಸಿರು ಕಾಯಿಯ ತುದಿಯಲ್ಲಿ ತಿಳಿ ಗುಲಾಬಿ ಬಣ್ಣ ಮೂಡಿದೊಡನೆ ಕಿತ್ತು ಒಳಗೆ ತಂದಿಟ್ಟರೂ ರುಚಿಗೇನೂ ಕೊರತೆಯಾಗದೆ ಹಣ್ಣಾಗುತ್ತದೆ. ಆ ಹೊತ್ತಿಗೆ ಕಾಯಿ ತನ್ನನ್ನು ಹಣ್ಣು ಮಾಡುವ ಎಥಿಲೀನನ್ನು ತಾನೇ ಹೊರಬಿಡತೊಡಗಿರುತ್ತದೆ. ಫ್ರಿಜ್‌ನಲ್ಲಿ ಇಡಬಾರದು, ಬಿಸಿಲಿಗೂ ಇಡಬೇಕಿಲ್ಲ. ಮೊದಲ ವರ್ಷ “ನಾಳೆ ಕೀಳೋಣ” ಎಂದುಕೊಂಡ ಆ ಒಂದು ದಿನವೇ ಕೋತಿಗಳ ಪಾಲಾಗಿದ್ದು.

ಬಸವನಹುಳುಗಳದ್ದು ರಾತ್ರಿ ಪಾಳಿ. ಆಫ್ರಿಕಾ ಮೂಲದ ಆ ದೊಡ್ಡ ಜಾತಿ ಒಂದು ಸಲಕ್ಕೆ ನೂರಾರು ಮೊಟ್ಟೆ ಮಣ್ಣಿನಲ್ಲಿ ಇಡುತ್ತದೆ. ಉಪ್ಪು ಹಾಕಿದರೆ ಹುಳುವೂ ಸಾಯುತ್ತದೆ, ಮಣ್ಣೂ ಕೆಡುತ್ತದೆ, ಅದಕ್ಕೇ ಟಾರ್ಚು, ಬಕೆಟ್ಟು ಹಿಡಿದು ಆರಿಸುವುದೇ. ಕೈಗವಸು ಮರೆಯಬಾರದು. ಅವುಗಳಲ್ಲಿ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಇರಬಹುದು. ಸೊಪ್ಪನ್ನೂ ಎಲೆ ಎಲೆ ಬಿಡಿಸಿ ತೊಳೆಯಬೇಕು.

ಎರಡನೆಯ ವರ್ಷ ಒಂದು ಬೆಳೆಗೆ ಬರಿ ಅಲಸಂದೆ ಬಿತ್ತಿದ್ದೆ, ಮಣ್ಣಿಗೆಂದೇ. ಹೂ ಕಾಣಿಸುವ ಹೊತ್ತಿಗೆ ಕೊಯ್ದು ಅಲ್ಲೇ ಹಾಸುವುದು. ಕೊಯ್ಯುವ ಮೊದಲು ಒಂದು ಗಿಡ ಕಿತ್ತು ಬಕೆಟ್ಟಿನ ನೀರಲ್ಲಿ ಬೇರು ಅದ್ದಿ ತೊಳೆದೆ. ಸಾಸಿವೆಯಷ್ಟು, ಮೆಣಸಿನ ಕಾಳಿನಷ್ಟು ಗಂಟುಗಳು ಬೇರಿನ ತುಂಬ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು, ಮಾಂಸದ ಬಣ್ಣ. ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುವ ಬ್ಯಾಕ್ಟೀರಿಯಾ ಆ ಗಂಟಿನಲ್ಲಿ ಕೆಲಸ ಮಾಡುತ್ತಿವೆ ಅನ್ನುವುದಕ್ಕೆ ಗುರುತು ಆ ಬಣ್ಣ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ, ಕಬ್ಬಿಣವಿರುವ ವಸ್ತುವಿನ ಬಣ್ಣ ಅದು. ಗಂಟು ಹಸಿರೋ ಬೂದೋ ಆಗಿದ್ದರೆ ಕೆಲಸ ನಿಂತಿದೆ ಎಂದರ್ಥ. ಅತ್ತೆಗೆ ತೋರಿಸಿದೆ. ಕನ್ನಡಕ ತರಿಸಿಕೊಂಡು, ಇನ್ನೂ ಮೂರು ಗಂಟು ಸೀಳಿ ನೋಡಿ, “ಇದಕ್ಕೂ ರಕ್ತ ಇದೆ ನೋಡು” ಎಂದರು.

ಆ ಮಳೆಗಾಲದಲ್ಲೇ ಎರೆಹುಳು ಕಂಡಿದ್ದು. ತಂದು ಬಿಟ್ಟಿದ್ದಲ್ಲ, ತಾವಾಗಿ ಬಂದವು. ಬೆಳಗ್ಗೆ ತರಗೆಲೆಯ ಹೊದಿಕೆ ಸರಿಸಿದರೆ ಸಣ್ಣ ಸಣ್ಣ ಮಣ್ಣಿನ ಗುಪ್ಪೆ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಬಗ್ಗೆ ಬರೆದಾಗ, ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಅವುಗಳ ಮೈಯೊಳಗಿಂದ ಹಾದುಬರುತ್ತದೆ ಎಂದು ಲೆಕ್ಕ ಹಾಕಿದ್ದ. ನನ್ನ 40 ಚದರ ಅಡಿಯಲ್ಲಿ ಎಷ್ಟೋ ಗೊತ್ತಿಲ್ಲ. ಆದರೆ ಮೂರನೆಯ ವರ್ಷ ರಟ್ಟು ಕರಗಿ ಹೋಗಿದ್ದ ಜಾಗದಲ್ಲಿ ಅಗೆದಾಗ ಹಳದಿ ಜೇಡಿಯ ಒಳಕ್ಕೆ ಕಪ್ಪು ಗೆರೆಗಳು ಇಳಿದಿದ್ದವು. ಹುಳು ಓಡಾಡಿದ ದಾರಿಗಳು. ಆ ದಾರಿ ಹಿಡಿದೇ ಬದನೆಯ ಬೇರು ಕೆಳಕ್ಕೆ ಹೋಗಿತ್ತು.

ಈಗ ಅಂಥ ಎರಡು ಪಾತಿಗಳಿವೆ, ಎರಡಕ್ಕೂ ಪಂಜರ. ಉಳಿದ ಜಾಗಕ್ಕೆ ವರ್ಷಕ್ಕೆ ಒಂದು ಸಲ ತರಗೆಲೆ ಹಾಸುತ್ತೇನೆ, ಅಷ್ಟೇ. ಬೇಲಿಯ ಆಚೆ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟಿದ್ದೇನೆ. ಬೇಸಿಗೆಯಲ್ಲಿ ಅಳಿಲುಗಳು ರಸವಿರುವ ಕಾಯಿ ಕಚ್ಚುವುದು ಅರ್ಧ ಬಾಯಾರಿಕೆಗೇ ಇರಬೇಕು, ನೀರಿಟ್ಟ ಮೇಲೆ ನಮ್ಮಲ್ಲಿ ಕಡಿಮೆಯಾಗಿದೆ. ಕೇರೆಹಾವನ್ನು ಆಮೇಲೆ ಎರಡು ಸಲ ಕಂಡೆ. ಅದೇ ಹಾವೋ ಬೇರೆಯದೋ, ಹೆಗ್ಗಣದ ಬಿಲಗಳಂತೂ ಮುಚ್ಚಿಹೋಗಿವೆ.

ಪಂಜರ ಕಟ್ಟಿದ ಮೇಲೆ ಒಂದು ಹೊಸ ಕೆಲಸ ನನ್ನ ಪಾಲಿಗೆ ಬಂದಿದೆ. ಜೇನ್ನೊಣ ಅರ್ಧ ಇಂಚಿನ ಕಣ್ಣಿನಲ್ಲಿ ನುಸುಳುತ್ತದೆ, ದೊಡ್ಡ ಕಪ್ಪು ದುಂಬಿ, ಸಂಜೆಯ ದೊಡ್ಡ ಪತಂಗ ನುಸುಳುವುದಿಲ್ಲ. ಹೀರೆಯ ಹೂ ಅರಳುವುದು ಸಂಜೆಗೆ. ಮೊದಲ ಬೆಳೆಯಲ್ಲಿ ಹೀಚೆಲ್ಲ ಹಳದಿಯಾಗಿ ಉದುರಿದವು, ಕಾರಣ ತಿಳಿಯಲು ಎರಡು ವಾರ ಬೇಕಾಯಿತು. ಈಗ ಬೆಳಕು ಇಳಿಯುವ ಹೊತ್ತಿಗೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ. ಗಂಡು ಹೂಗಳು ಗೊಂಚಲಲ್ಲಿರುತ್ತವೆ, ಹೆಣ್ಣು ಹೂ ಒಂಟಿ, ಅದರ ಬುಡದಲ್ಲಿ ಕಡ್ಡಿಯಷ್ಟು ಸಣ್ಣ ಹೀಚು. ಗಂಡು ಹೂವೊಂದನ್ನು ಕಿತ್ತು, ದಳ ಹಿಂದಕ್ಕೆ ಮಡಿಸಿ, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರುವುದು. ನಿನ್ನೆ ಏಳು ಹೂ. ಇವತ್ತು ಬೆಳಗ್ಗೆಯಿಂದ ಎಣಿಸುತ್ತಿದ್ದೇನೆ, ಸಂಜೆಗೆ ಇನ್ನೂ ಐದು ಮೊಗ್ಗು ಬಿರಿಯುವ ಹಾಗಿದೆ.